ಅಣುಗಳ ಸೆಳೆತವನ್ನು ಅಳೆದ ಉಪಾಧ್ಯಾಯರು

ನಮ್ಮ ಅಡಿಗೆಯ ಮನೆಗಳಲ್ಲಿರುವ ಗ್ಯಾಸ್ ಸಿಲಿಂಡರನ್ನು ಅಲುಗಿಸಿದರೆ ಒಳಗೆ ದ್ರವವು ತುಳುಕುವುದು ಕೈಗೆ ತಿಳಿಯುತ್ತದೆ. ಆಟೋರಿಕ್ಷಾಗಳಿಗೆ ತುಂಬುವ ಸಿ. ಎನ್. ಜಿ. ಎಂಬ ಅನಿಲವಾದರೋ, ಇನ್ನೂರು ವಾಯುಭಾರಗಳಷ್ಟು ಒತ್ತಿ ತುಂಬಿದರೂ ಅನಿಲವಾಗಿಯೇ ಉಳಿಯುತ್ತದೆ. ಅದರ ಸಿಲಿಂಡರಿನಲ್ಲಿ ತುಳುಕುವುದಕ್ಕೆ ಏನೂ ಇರುವುದಿಲ್ಲ. ಮೊದಲನೆಯದು ಕೆಲವೇ ವಾಯುಭಾರಗಳ ಒತ್ತಡಕ್ಕೆ ದ್ರವವಾಗುತ್ತದೆ. ಎರಡನೆಯದನ್ನು ನಮ್ಮ ಊರಿನ ಹವೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗಿಸುವುದು ಸಾಧ್ಯವಿಲ್ಲ. ಅಣುಗಳು ಒಂದನ್ನೊಂದು ಸೆಳೆಯುತ್ತವೆ, ಆ ಸೆಳೆತವು ಒಂದೊಂದು ಪದಾರ್ಥದಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ ಎಂಬುದೇ ಈ ಭೇದಕ್ಕೆ ಕಾರಣ. ಈ ಸಂಗತಿಯನ್ನು ಲೆಕ್ಕಕ್ಕೆ ಅಳವಡುವ ರೀತಿಯಲ್ಲಿ ಮೊದಲು ನಿರೂಪಿಸಿದವರು ಹಾಲೆಂಡ್ ದೇಶದ ಯೋಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸರು. ಅಣುಗಳ ನಡುವಣ ಆ ಮೃದುವಾದ ಬಲಕ್ಕೆ ಅವರ ಹೆಸರೇ ಇಂದು ಸಲ್ಲುತ್ತಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿದವರೆಲ್ಲರೂ ಆ ಹೆಸರನ್ನು ಉರುಹಾಕಿದ್ದಾರೆ. ಆ ಹೆಸರಿನವರು ಯಾರೆಂಬುದನ್ನು ಬಲ್ಲವರು ವಿರಳ.

ಅವರು ಹುಟ್ಟಿದುದು 1837ನೆಯ ಇಸವಿ ನವೆಂಬರ್ 23ರಂದು, ಲೈಡನ್ ಎಂಬ ಪಟ್ಟಣದಲ್ಲಿ. ಯೂರೋಪಿನ ಪ್ರಸಿದ್ಧ ವಿದ್ಯಾಪೀಠಗಳಲ್ಲೊಂದು ಆ ಊರಿನಲ್ಲಿಯೇ ಇದ್ದಿತು. ತಂದೆ ಮರಗೆಲಸದ ಬಡಗಿ. ಹತ್ತು ಮಕ್ಕಳ ಸಂಸಾರ. ಹಿರಿಯ ಮಗ ಇವರು. ವಿದ್ಯಾಪೀಠದ ಬಾಗಿಲು ಮನೆಯಿಂದ ನಡೆದು ಹೋಗುವಷ್ಟು ಸಮೀಪವಿದ್ದರೂ ಅದು ಬಡಗಿಯ ಮಗನಿಗೆ ತೆರೆದಿರಲಿಲ್ಲ. ಅಂದಿನ ಶಾಸನದ ಪ್ರಕಾರ, ವಿಜ್ಞಾನದ ಪರೀಕ್ಷೆಗೆ ಕೂಡುವವನು ಸಹ ಮೊದಲು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಪರಿಶ್ರಮವನ್ನು ತೋರಿಸಬೇಕಾಗಿದ್ದಿತು. ಆ ಭಾಷೆಗಳನ್ನು ಕಲಿಸುತ್ತಿದ್ದ ಶಾಲೆಗಳು ಅನುಕೂಲಸ್ಥರ ಮಕ್ಕಳಿಗಾಗಿ ಇದ್ದವು. ಹದಿನೈದನೆಯ ವಯಸ್ಸಿಗೆ ವಾಲ್ಸರ ಶಾಲಾಭ್ಯಾಸವು ಮುಗಿದುಹೋಯಿತು. ಮುಂದೆ ಅವರು ಪ್ರಾಥಮಿಕ ಶಾಲೆಯೊಂದರಲ್ಲಿ ಸಹಾಯಕರಾಗಿ ಸೇರಿ, ಬಿಡುವಿನ ವೇಳೆಯಲ್ಲಿ ಓದಿ, ಒಂದೊಂದಾಗಿ ಉಪಾಧ್ಯಾಯರ ಪರೀಕ್ಷೆಗಳನ್ನು ತೇರ್ಗಡೆಮಾಡಿಕೊಂಡರು. ಕಚೇರಿಗಳಲ್ಲಿ ದುಡಿದು, ಇಲಾಖೆಯ ಪರೀಕ್ಷೆಗಳಿಗೆ ರಾತ್ರಿ ದೀಪದ ಬೆಳಕಿನಲ್ಲಿ ಓದಿ ಮೇಲೆ ಬಂದ ವಾಚಕರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಈ ಜೀವನಕ್ರಮವನ್ನು ವಿವರಿಸಿ ಹೇಳಬೇಕಾದುದಿಲ್ಲ.

1862ರಲ್ಲಿ ಅವರಿಗೆ ಇಪ್ಪತ್ತೈದು ವರ್ಷ ತುಂಬುತ್ತಿದ್ದಿತು. ಆಗ ಅವರು ಲೈಡನ್ ವಿದ್ಯಾಪೀಠದಲ್ಲಿ ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರಗಳ ಉಪನ್ಯಾಸಗಳನ್ನು ಕೇಳುವುದಕ್ಕೆ ಹೋಗತೊಡಗಿದರು. ಕೇಳಬಹುದು, ಪದವಿಯನ್ನು ಪಡೆಯಕೂಡದು—ಇದು ಅವರಿಗಿದ್ದ ಅಧಿಕಾರದ ಎಲ್ಲೆ. ಮರುವರ್ಷ ಆ ದೇಶದ ಮಂತ್ರಿಗಳಾಗಿದ್ದ ತೋರ್ಬೆಕೆಯವರು ಪ್ರೌಢಶಿಕ್ಷಣದ ಹೊಸ ಶಾಸನವನ್ನು ತಂದರು. ಲ್ಯಾಟಿನ್ ಗ್ರೀಕುಗಳಿಗೆ ಬದಲಾಗಿ ವಿಜ್ಞಾನ, ಗಣಿತ, ಪ್ರಚಲಿತ ಭಾಷೆಗಳು ಇವುಗಳನ್ನೇ ಮುಖ್ಯವಾಗಿ ಬೋಧಿಸುವ ಪ್ರೌಢಶಾಲೆಗಳು ಅದರಿಂದ ಊರೂರುಗಳಲ್ಲಿ ಹುಟ್ಟಿಕೊಂಡವು. ವರ್ತಕರ ಮತ್ತು ಕಸುಬುದಾರರ ಮಕ್ಕಳಿಗಾಗಿ ತೆರೆದ ಈ ಶಾಲೆಗಳಿಂದ ಹಾಲೆಂಡಿನ ವಿಜ್ಞಾನಕ್ಕೆ ಆದ ಉಪಕಾರವು ಇಷ್ಟೆಂದು ಹೇಳಲಳವಲ್ಲ. ಮುಂದೆ ನೊಬೆಲ್ ಪಾರಿತೋಷಕವನ್ನು ಗಳಿಸಿದ ಕಾಮರ್ಲಿಂಗ್ ಓನ್ನೆಸ್, ಲೊರೆನ್ಟ್ಸ್ ಮೊದಲಾದವರು ಇಂಥ ಶಾಲೆಗಳಲ್ಲಿಯೇ ಕಲಿತವರು. ವಾಲ್ಸರಿಗೆ ಅವು ಜೀವನೋಪಾಯವನ್ನು ಕೊಟ್ಟವು. ಡೆವೆಂಟರ್ ಎಂಬ ಊರಿನಲ್ಲಿ ಸ್ವಲ್ಪಕಾಲ ಭೌತಶಾಸ್ತ್ರದ ಉಪಾಧ್ಯಾಯರಾಗಿದ್ದು, 1866ರಲ್ಲಿ ಹೇಗ್ ನಗರಕ್ಕೆ ಬಂದು, ಕ್ರಮೇಣ ಅಲ್ಲಿಯ ಶಾಲೆಯೊಂದಕ್ಕೆ ಮುಖ್ಯಾಧಿಕಾರಿಗಳಾದರು. 1865ರಲ್ಲಿ ಆನ್ನಾ ಮಗ್ದಲೇನಾ ಸ್ಮಿತ್ ಎಂಬ ಹದಿನೆಂಟರ ತರುಣಿಯನ್ನು ವಿವಾಹವಾಗಿದ್ದರು. ಲ್ಯಾಟಿನ್ ಗ್ರೀಕುಗಳ ಕಟ್ಟಳೆಯು ವಿಜ್ಞಾನದ ವಿದ್ಯಾರ್ಥಿಗಳ ಪಾಲಿಗೆ ಕೊನೆಗೂ ಸಡಿಲವಾದಾಗ ವಾಲ್ಸರು ಹರೆಯವನ್ನು ದಾಟಿದ ಸಂಸಾರಸ್ಥರು, ಶಾಲೆಯ ಹೊರೆಯನ್ನು ಹೊತ್ತವರು. ಆದರೂ ಪರೀಕ್ಷೆಗಳಿಗೆ ಕುಳಿತರು. 1873ನೆಯ ಇಸವಿ ಜೂನ್ 14ರಂದು, ಮೂವತ್ತೈದು ವರ್ಷ ವಯಸ್ಸಿನಲ್ಲಿ, ತಮ್ಮ ಊರಿನ ವಿದ್ಯಾಪೀಠದಿಂದಲೇ ಡಾಕ್ಟರ್ ಪದವಿಯನ್ನು ಪಡೆದರು. ಅನಿಲ ಮತ್ತು ದ್ರವ ಸ್ಥಿತಿಗಳ ಅವಿಚ್ಛಿನ್ನತೆಯು ಆ ಪ್ರಬಂಧದ ವಿಷಯ.

ಆ ಪ್ರಬಂಧದ ಮಹತ್ವವನ್ನು ಅರಿಯಬೇಕಾದರೆ ಅಂದಿನ ತಿಳಿವಳಿಕೆ ಎಷ್ಟರಮಟ್ಟಿಗಿದ್ದಿತೆಂಬುದನ್ನು ನೋಡಬೇಕು. ಅನಿಲವನ್ನು ಅರ್ಧ ಜಾಗಕ್ಕೆ ಒತ್ತಿದರೆ ಅದರ ಒತ್ತಡವು ಇಮ್ಮಡಿಯಾಗುವುದೆಂದು ಇಂಗ್ಲೆಂಡಿನ ಬಾಯ್ಲ್ 1662ರಲ್ಲಿಯೇ ಹೇಳಿದ್ದರು. ಅನಿಲವೆಂದರೆ ಎಡೆಬಿಡದೆ ಓಡುತ್ತಿರುವ ಅಣುಗಳ ಸಮೂಹ, ಅವು ಪಾತ್ರೆಯ ಗೋಡೆಗೆ ತಾಗುವುದೇ ಒತ್ತಡ, ಅವುಗಳ ಓಟವೇ ಉಷ್ಣ ಎಂದು ಜರ್ಮನಿಯ ಕ್ಲಾಸಿಯುಸ್ 1857ರಲ್ಲಿ ನಿರೂಪಿಸಿದ್ದರು. ವಾಲ್ಸರ ಮನಸ್ಸನ್ನು ಹಿಡಿದುದು ಈ ಎರಡನೆಯ ಲೇಖನ. ಇತ್ತ ಬೆಲ್‌ಫಾಸ್ಟ್ ನಗರದಲ್ಲಿ ಆಂಡ್ರೂಸ್ ಎಂಬ ರಸಾಯನಶಾಸ್ತ್ರಜ್ಞರು ಇಂಗಾಲಾಮ್ಲ ವಾಯುವನ್ನು ಗಾಜಿನ ಸಣ್ಣ ನಳಿಗೆಯಲ್ಲಿ ಒತ್ತಿ ನೋಡುತ್ತ ಒಂದು ವಿಚಿತ್ರವನ್ನು ಕಂಡು 1869ರಲ್ಲಿ ಪ್ರಕಟಿಸಿದ್ದರು. ಸುಮಾರು 31 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಆ ವಾಯುವು ಒತ್ತಿದರೆ ದ್ರವವಾಗುತ್ತದೆ. ಅದಕ್ಕೆ ಮೇಲೆ ಎಷ್ಟು ಒತ್ತಿದರೂ ದ್ರವದ ಅಂಚು ಕಾಣಿಸಿಕೊಳ್ಳದು. ಈ ಮೇರೆಗೆ ಕ್ರಾಂತಿಕ ತಾಪವೆಂದು ಹೆಸರು. ನಾವು ಆರಂಭದಲ್ಲಿ ಹೇಳಿದ ಅಡಿಗೆಯ ಅನಿಲದಲ್ಲಿರುವ ಪ್ರೋಪೇನಿಗೆ ಈ ಮೇರೆಯು ಸುಮಾರು 97 ಡಿಗ್ರಿ; ಆದುದರಿಂದ ಅದು ನಮ್ಮ ಮನೆಗಳಲ್ಲಿ ದ್ರವವಾಗಿ ನಿಲ್ಲುತ್ತದೆ. ಸಿ. ಎನ್. ಜಿ.ಯಲ್ಲಿರುವ ಮೀಥೇನಿಗೆ ಅದು ಸೊನ್ನೆಗಿಂತ 83 ಡಿಗ್ರಿಗಳಷ್ಟು ಕೆಳಗಿದೆ.

ಆಂಡ್ರೂಸರು ಕಂಡುದಕ್ಕೆ ಕಾರಣವನ್ನು ಹೇಳಿದವರು ವಾಲ್ಸರು. ಬಾಯ್ಲರ ನಿಯಮವು ಅಣುಗಳಿಗೆ ಗಾತ್ರವೇ ಇಲ್ಲವೆಂದೂ ಅವುಗಳ ನಡುವೆ ಯಾವ ಸಂಬಂಧವೂ ಇಲ್ಲವೆಂದೂ ಇಟ್ಟುಕೊಂಡಂತೆ ಇದೆ. ಈ ಎರಡೂ ಸರಿಯಲ್ಲವೆಂದು ವಾಲ್ಸರು ಕಂಡರು. ಜಾತ್ರೆಯ ಮಂಟಪದಲ್ಲಿ ಜನರು ತುಂಬಿರುವಾಗ ಓಡಾಡುವುದಕ್ಕೆ ಉಳಿಯುವ ಸ್ಥಳವು ಮಂಟಪದ ಅಳತೆಯಷ್ಟಲ್ಲ. ಜನರ ಮೈಗಳು ಹಿಡಿದ ಜಾಗವನ್ನು ಕಳೆಯಬೇಕು. ಹಾಗೆಯೇ ಅನಿಲದ ಘನ ಅಳತೆಯಿಂದ ಅಣುಗಳ ಗಾತ್ರಕ್ಕೆ ಸಂಬಂಧಿಸಿದ ಒಂದು ಮೊತ್ತವನ್ನು ಅವರು ಕಳೆದರು. ಅದು ಅಣುಗಳ ನಿಜವಾದ ಗಾತ್ರದ ಸುಮಾರು ನಾಲ್ಮಡಿಯೆಂದು ಎಣಿಸಿದರು. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಗುಂಪಿನ ನಡುವಿನಲ್ಲಿರುವವನನ್ನು ಎಲ್ಲ ಕಡೆಯಿಂದಲೂ ನೆಂಟರು ಎಳೆದರೆ ಎಳೆತವು ಸರಿಗೆ ಸರಿಯಾಗಿ ಹೋಗುವುದು. ಬಾಗಿಲಿನ ಹತ್ತಿರ ಇರುವವನಿಗಾದರೋ ಹಿಂದಿನಿಂದ ಮಾತ್ರ ಎಳೆತವಿರುವುದು. ಅವನು ಬಾಗಿಲಿಗೆ ತಾಗುವ ರಭಸವು ಅಷ್ಟು ಕಡಮೆ. ಗೋಡೆಯ ಸಮೀಪದ ಅಣುವಿನ ಪಾಡೂ ಇದೇ. ಆದುದರಿಂದ ಗೋಡೆಯ ಮೇಲೆ ನಾವು ಅಳೆಯುವ ಒತ್ತಡವು ಒಳಗಿನ ನಿಜವಾದ ಒತ್ತಡಕ್ಕಿಂತ ಕಡಮೆ. ಅಳೆದುದಕ್ಕೆ ಒಂದು ಮೊತ್ತವನ್ನು ಕೂಡಿಸಬೇಕು. ಅನಿಲವನ್ನು ಅರ್ಧಕ್ಕೆ ಒತ್ತಿದರೆ ಗೋಡೆಗೆ ತಾಗುವ ಅಣುಗಳೂ ಇಮ್ಮಡಿ, ಹಿಂದಿನಿಂದ ಎಳೆಯುವ ಅಣುಗಳೂ ಇಮ್ಮಡಿ. ಹೀಗಾಗಿ ಈ ಕೂಡಿಕೆಯು ನಾಲ್ಮಡಿಯಾಗುತ್ತದೆ.

ಹೀಗೆ ಒಂದು ಕಳೆಯುವಿಕೆ, ಒಂದು ಕೂಡಿಸುವಿಕೆ. ಪ್ರತಿಯೊಂದು ಪದಾರ್ಥಕ್ಕೂ ಎರಡೇ ಅಂಕೆಗಳು. ಗಾತ್ರವನ್ನು ಹೇಳುವುದು ಒಂದು, ಸೆಳೆತವನ್ನು ಹೇಳುವುದು ಇನ್ನೊಂದು. ಈ ಎರಡು ಅಂಕೆಗಳಿಂದ ಇಂಗಾಲಾಮ್ಲ ವಾಯುವಿನ ಕ್ರಾಂತಿಕ ತಾಪವನ್ನು ಲೆಕ್ಕಹಾಕಿ ನೋಡಿದರೆ ಬಂದ ಉತ್ತರವು ಆಂಡ್ರೂಸರು ಕೈಯಾರೆ ಅಳೆದುದಕ್ಕೆ ಬಹಳ ಸಮೀಪವಾಗಿದ್ದಿತು. ಅನಿಲದ ಅಣು ಬೇರೆ, ದ್ರವದ ಅಣು ಬೇರೆ ಎಂಬ ಭಾವನೆಗೆ ಆಧಾರವೇ ಇಲ್ಲದಂತಾಯಿತು; ಎರಡರಲ್ಲಿಯೂ ಅದೇ ಅಣು, ಅದೇ ಸೆಳೆತ. ಓಟವು ಗೆದ್ದರೆ ಅನಿಲ, ಸೆಳೆತವು ಗೆದ್ದರೆ ದ್ರವ. ಸಮೀಕರಣದಲ್ಲಿ ದೋಷವಿಲ್ಲದೆ ಇರಲಿಲ್ಲ. ಕ್ರಾಂತಿಕ ಸ್ಥಿತಿಯ ಸಮೀಪದಲ್ಲಿ ಅದರ ಲೆಕ್ಕವು ಪ್ರಯೋಗದಿಂದ ಕಣ್ಣಿಗೆ ಕಾಣುವಷ್ಟು ದೂರ ಸರಿಯುತ್ತದೆ. ಇದನ್ನು ವಾಲ್ಸರೇ ಚೆನ್ನಾಗಿ ಬಲ್ಲವರಾಗಿದ್ದು ಆಯುಷ್ಯದ ಕೊನೆಯವರೆಗೂ ಅದನ್ನು ತಿದ್ದುವ ಯೋಚನೆಯಲ್ಲಿಯೇ ಇದ್ದರು.

ಪ್ರಬಂಧವು ಡಚ್ ಭಾಷೆಯಲ್ಲಿದ್ದಿತು. ಕೇಂಬ್ರಿಜ್‌ನ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲರು 1874ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಭೌತಶಾಸ್ತ್ರದಲ್ಲಿ ಅವರಿಗೆ ಸಮಾನರು ಅಂದು ಇರಲಿಲ್ಲ. ಅವರು ಲೆಕ್ಕದಲ್ಲಿ ಕೆಲವು ತಪ್ಪುಗಳನ್ನು ಎತ್ತಿ ತೋರಿಸಿದರು. ಅದರೊಡನೆಯೇ ಅಣುಶಾಸ್ತ್ರದಲ್ಲಿ ಈತನ ಹೆಸರು ಬೇಗನೆ ಮೊದಲ ಸಾಲಿಗೆ ಬರುವುದೆಂದೂ, ಈ ಪ್ರಬಂಧವನ್ನು ಓದುವುದಕ್ಕಾಗಿ ಡಚ್ ಭಾಷೆಯ ಕಡೆಗೆ ತಿರುಗಿದವರು ಒಬ್ಬರಿಗಿಂತ ಹೆಚ್ಚಿದ್ದಾರೆಂದೂ ತಿಳಿಸಿದರು. ದೇಶಭಾಷೆಯಲ್ಲಿ ವಿಜ್ಞಾನವನ್ನು ಬರೆದರೆ ಓದುವವರಾರು ಎಂದು ನಮ್ಮಲ್ಲಿ ಆಗಾಗ್ಗೆ ಕೇಳುವ ಮಹನೀಯರು ಈ ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು. ಆದರೆ ಸತ್ಯದ ಇನ್ನೊಂದು ಮುಖವನ್ನು ಮರೆಮಾಚಕೂಡದು. ಪ್ರಬಂಧವು ಯೂರೋಪಿನಲ್ಲಿ ವಿಸ್ತಾರವಾಗಿ ಹರಡಿದುದು 1881ರಲ್ಲಿ ಜರ್ಮನ್ ಭಾಷಾಂತರವು ಬಂದಮೇಲೆ. ಮಾತೃಭಾಷೆಯಲ್ಲಿ ಆಲೋಚಿಸಿ ಬರೆಯುವುದು ಒಂದು ಕೆಲಸ, ಬರೆದುದನ್ನು ಪರರಿಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಹಾಲೆಂಡಿನವರು ಎರಡನ್ನೂ ಮಾಡಿದರು.

1877ರಲ್ಲಿ ಆಮ್‌ಸ್ಟರ್‌ಡಾಮಿನ ಹಳೆಯ ವಿದ್ಯಾಶಾಲೆಯು ವಿಶ್ವವಿದ್ಯಾನಿಲಯವಾಯಿತು; ವಾಲ್ಸರು ಅಲ್ಲಿ ಭೌತಶಾಸ್ತ್ರದ ಮೊದಲನೆಯ ಪ್ರಾಧ್ಯಾಪಕರಾದರು. ಮೂರು ವರ್ಷಗಳ ತರುವಾಯ, 1880ರಲ್ಲಿ, ಅವರ ಎರಡನೆಯ ದೊಡ್ಡ ಶೋಧವು ಹೊರಬಿದ್ದಿತು. ಇದಕ್ಕೆ ಅನುರೂಪ ಸ್ಥಿತಿಗಳ ನಿಯಮವೆನ್ನಬಹುದು. ಹಿಂದಿನ ಕಾಲದಲ್ಲಿ ಊರಿಗೊಂದು ಸೇರು ಇದ್ದಿತಷ್ಟೆ. ಒಂದು ಊರಿನ ಸೇರಿನಿಂದ ಇನ್ನೊಂದು ಊರಿನ ಭತ್ತವನ್ನು ಅಳೆದರೆ ಲೆಕ್ಕವೇ ಹತ್ತುವುದಿಲ್ಲ. ಹಾಗೆಯೇ ಅನಿಲಗಳನ್ನೆಲ್ಲ ಒಂದೇ ಡಿಗ್ರಿ, ಒಂದೇ ವಾಯುಭಾರದಿಂದ ಅಳೆದಾಗ ಒಂದೊಂದರ ನಡತೆ ಒಂದೊಂದಾಗಿ ತೋರುತ್ತದೆ. ಆದರೆ ಪ್ರತಿಯೊಂದು ಅನಿಲವನ್ನು ಅದರ ಸ್ವಂತದ ಕ್ರಾಂತಿಕ ತಾಪ, ಕ್ರಾಂತಿಕ ಒತ್ತಡಗಳನ್ನೇ ಮಾನವಾಗಿಟ್ಟುಕೊಂಡು ಅಳೆದರೆ ಎಲ್ಲ ಅನಿಲಗಳೂ ಹೆಚ್ಚುಕಡಮೆ ಒಂದೇ ರೀತಿಯಾಗಿ ನಡೆಯುತ್ತವೆ. ಒಂದು ಅನಿಲದ ಚರಿತ್ರೆಯನ್ನು ಪೂರ್ತಿಯಾಗಿ ಬಲ್ಲವನು, ಇನ್ನೂ ಯಾರೂ ದ್ರವವಾಗಿಸದ ಅನಿಲದ ಭವಿಷ್ಯವನ್ನು ಹೇಳಬಹುದು.

ಇದು ಬರಿಯ ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. ಲೈಡನ್ನಿನಲ್ಲಿ 1882ರಲ್ಲಿ ಪ್ರಾಧ್ಯಾಪಕರಾದ ಕಾಮರ್ಲಿಂಗ್ ಓನ್ನೆಸರು ಈ ನಿಯಮವನ್ನೇ ದಾರಿದೀಪವಾಗಿಟ್ಟುಕೊಂಡು ಜಗತ್ತಿನ ಅತ್ಯಂತ ಶೀತಲವಾದ ಪ್ರಯೋಗಶಾಲೆಯನ್ನು ಕಟ್ಟಿದರು. ಲಂಡನ್ನಿನ ಡ್ಯೂವರ್ 1898ರಲ್ಲಿ ಜಲಜನಕವನ್ನು ದ್ರವವಾಗಿಸಿದಮೇಲೆ ಉಳಿದುದು ಹೀಲಿಯಂ ಒಂದೇ. ಅದರ ಕ್ರಾಂತಿಕ ತಾಪವನ್ನು ಓನ್ನೆಸರು ಮುಂಚಿತವಾಗಿ ಅಂದಾಜುಮಾಡಿ, ಅಂದಾಜಿಗೆ ತಕ್ಕಂತೆ ಯಂತ್ರಗಳನ್ನು ಸಿದ್ಧಪಡಿಸಿ, 1908ನೆಯ ಇಸವಿ ಜುಲೈ 10ರಂದು ಹೀಲಿಯಮನ್ನು ದ್ರವರೂಪಕ್ಕೆ ತಂದರು. ಸೊನ್ನೆಗಿಂತ 269 ಡಿಗ್ರಿ ಕೆಳಗೆ ಕುದಿಯುವ ದ್ರವವದು. ಆಸ್ಪತ್ರೆಗಳಲ್ಲಿ ಇಂದು ಎಂ. ಆರ್. ಐ. ಯಂತ್ರಗಳ ಕಾಂತಗಳನ್ನು ತಣ್ಣಗಿಡುವುದು ಅದೇ ದ್ರವ.

ಈ ನಡುವೆ ವಾಲ್ಸರ ಮನೆಯಲ್ಲಿ ಕತ್ತಲೆ ಕವಿದಿದ್ದಿತು. 1881ರಲ್ಲಿ ಅವರ ಪತ್ನಿಯು ಕ್ಷಯರೋಗದಿಂದ ತೀರಿಕೊಂಡರು, ವಯಸ್ಸು ಮೂವತ್ತನಾಲ್ಕು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಕ್ಷಯದ ದಂಡಾಣುವನ್ನು ಕಾಖ್ ಮಹಾಶಯರು ಕಂಡುಹಿಡಿದುದು ಅದರ ಮರುವರ್ಷ; ಔಷಧವು ದೊರೆತುದು ಅರುವತ್ತು ವರ್ಷಗಳ ಆಚೆ. ವಾಲ್ಸರು ಮತ್ತೆ ಮದುವೆಯಾಗಲಿಲ್ಲ. ಕೀರ್ತಿಯು ದೇಶದೇಶಗಳಿಗೆ ಹರಡುತ್ತಿದ್ದ ಸಮಯದಲ್ಲಿಯೇ ಅವರ ಲೇಖನಿಯು ನಿಂತುಹೋಯಿತು. ಸುಮಾರು ಹತ್ತು ವರ್ಷ ಅವರಿಂದ ಯಾವ ಗ್ರಂಥವೂ ಹೊರಬರಲಿಲ್ಲ. ಪಾಠಪ್ರವಚನಗಳು ಮಾತ್ರ ನಡೆದವು. ಮೌನವು ಮುರಿದುದು 1890ರಲ್ಲಿ, ಎರಡು ಪದಾರ್ಥಗಳ ಮಿಶ್ರಣಗಳನ್ನು ಕುರಿತ ಸಿದ್ಧಾಂತದಿಂದ. ಒಂದೇ ಜಾತಿಯ ಅಣುಗಳ ಸೆಳೆತವನ್ನು ಹೇಳಿದವರು ಈಗ ಬೇರೆ ಬೇರೆ ಜಾತಿಯ ಅಣುಗಳು ಒಂದನ್ನೊಂದು ಎಷ್ಟು ಸೆಳೆಯುವುವೆಂಬುದನ್ನು ವಿಚಾರಿಸಿದರು. ಎರಡು ದ್ರವಗಳು ಕೆಲವೊಮ್ಮೆ ಬೆರೆಯುತ್ತವೆ, ಕೆಲವೊಮ್ಮೆ ಬೆರೆಯದೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಇದರ ಮರ್ಮವು ಆ ಸಿದ್ಧಾಂತದಿಂದ ಸ್ಪಷ್ಟವಾಯಿತು. ಮಗನು ತಂದೆಯ ಹೆಸರನ್ನೇ ಹೊತ್ತು ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಮಗಳು ಜಾಕ್ವೆಲೀನ್ ಡಚ್ ಭಾಷೆಯ ಕವಯಿತ್ರಿಯಾಗಿ ಹೆಸರಾದಳು. ಆ ನಾಡಿನಲ್ಲಿ ವಾಲ್ಸ್ ಎಂದರೆ ತಂದೆಗಿಂತ ಮೊದಲು ಮಗಳನ್ನು ನೆನೆಯುವ ವಾಚಕರೂ ಉಂಟು.

1910ನೆಯ ವರ್ಷದ ನೊಬೆಲ್ ಪಾರಿತೋಷಕವು ಎಪ್ಪತ್ತಮೂರರ ವೃದ್ಧರನ್ನು ಅರಸಿಕೊಂಡು ಬಂದಿತು. ಸ್ಟಾಕ್‌ಹೋಮಿನಲ್ಲಿ ಅವರು ಮಾಡಿದ ಉಪನ್ಯಾಸದಲ್ಲಿ ಒಂದು ಅಂಶವು ವಿಶೇಷವಾಗಿ ಲಕ್ಷ್ಯಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಆಸ್ಟ್‌ವಾಲ್ಡ್, ಮಾಖ್ ಮೊದಲಾದ ದೊಡ್ಡ ವಿದ್ವಾಂಸರು ಅಣುಗಳೆಂಬುವು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದುವೇ ಹೊರತು ನಿಜವಾಗಿ ಇರುವುವಲ್ಲವೆಂದು ವಾದಿಸುತ್ತಿದ್ದರು. ವಾಲ್ಸರು ಹಾಗೆ ಒಂದು ದಿನವೂ ಎಣಿಸಿರಲಿಲ್ಲ. ಅಣುಗಳು ನಿಜವಾದ ವಸ್ತುಗಳು, ಅವಕ್ಕೆ ಗಾತ್ರವುಂಟು, ಬಲವುಂಟು ಎಂಬ ನಂಬಿಕೆಯೇ ತಮ್ಮ ಎಲ್ಲ ಕೆಲಸಕ್ಕೂ ಮೂಲವೆಂದೂ, ಆರಂಭದಲ್ಲಿ ಈ ನಂಬಿಕೆಯಲ್ಲಿ ತಾವು ಒಂಟಿಯೆಂದೇ ಭಾವಿಸಿದ್ದರೆಂದೂ ಅವರು ಅಂದು ಒಪ್ಪಿಕೊಂಡರು. ಅಷ್ಟರಲ್ಲಿ ಪ್ಯಾರಿಸಿನ ಪೆರ‍್ರೇನ್ ನೀರಿನಲ್ಲಿ ತೇಲುವ ಕಣಗಳ ಅಲೆದಾಟದಿಂದ ಅಣುಗಳನ್ನು ಎಣಿಸಿಯೇಬಿಟ್ಟಿದ್ದರು. ಆಸ್ಟ್‌ವಾಲ್ಡರೂ ತಮ್ಮ ಹಟವನ್ನು ಬಿಟ್ಟಿದ್ದರು.

ವಾಲ್ಸರು ಬದುಕಿದ್ದಾಗಲೇ ಅವರ ಸಮೀಕರಣವು ಭಾರತವನ್ನು ತಲಪಿತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಕಲ್ಕತ್ತೆಯ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿನಲ್ಲಿ ಆಗತಾನೆ ಉಪನ್ಯಾಸಕರಾಗಿದ್ದ ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಎಂಬ ಇಪ್ಪತ್ತೈದರ ಆಸುಪಾಸಿನ ತರುಣರಿಬ್ಬರು, ಅಣುಗಳ ಗಾತ್ರವನ್ನು ಸಮೀಕರಣದಲ್ಲಿ ಇನ್ನೂ ಸರಿಯಾಗಿ ಹೇಗೆ ತರಬೇಕೆಂಬುದನ್ನು ಕುರಿತು ಲೇಖನವೊಂದನ್ನು ಬರೆದು 1918ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚುಮಾಡಿಸಿದರು. ಮುಂದೆ ಇಬ್ಬರ ಹೆಸರುಗಳೂ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿದವು; ಇಬ್ಬರೂ ಮೊದಲು ಕೈಯಿಟ್ಟ ಗಂಟುಗಳಲ್ಲಿ ಒಂದು ಈ ಬಡಗಿಯ ಮಗನು ಕಟ್ಟಿದ ಗಂಟು.

ಸೆಳೆತವಿದೆಯೆಂದು ವಾಲ್ಸರು ತೋರಿಸಿದರು. ಅದು ಏಕೆ ಇದೆ ಎಂಬುದು ಅವರ ಕಾಲಕ್ಕೆ ಪೂರ್ತಿಯಾಗಿ ಬಗೆಹರಿಯಲಿಲ್ಲ. ಕೆಲವು ಅಣುಗಳ ಒಂದು ತುದಿಯಲ್ಲಿ ಧನವಿದ್ಯುತ್ತೂ ಇನ್ನೊಂದು ತುದಿಯಲ್ಲಿ ಋಣವಿದ್ಯುತ್ತೂ ಹೆಚ್ಚಾಗಿರುವುದರಿಂದ ಅವು ಸೆಳೆದುಕೊಳ್ಳುವುವೆಂದು ಅವರ ಶಿಷ್ಯರಾದ ಕೀಸೋಂ ವಿವರಿಸಿದರು. ಅಂಥ ಅಣುವು ಪಕ್ಕದ ಅಣುವಿನಲ್ಲಿಯೂ ವಿದ್ಯುತ್ತನ್ನು ಪಕ್ಕಕ್ಕೆ ಸರಿಸಬಲ್ಲದೆಂದು ಡಿಬೈ 1920ರಲ್ಲಿ ಸೇರಿಸಿದರು. ಆದರೆ ಹೀಲಿಯಂ, ಆರ್ಗಾನ್‌ಗಳಂತಹ ಪರಮಾಣುಗಳಿಗೆ ಈ ತುದಿ ಆ ತುದಿ ಎಂಬುದೇ ಇಲ್ಲ, ಅವೂ ದ್ರವವಾಗುವುದೇಕೆ? ಉತ್ತರವು 1930ರಲ್ಲಿ ಜರ್ಮನಿಯ ಫ್ರಿಟ್ಜ್ ಲಂಡನ್ ಎಂಬವರಿಂದ ಬಂದಿತು. ಪರಮಾಣುವಿನ ಎಲೆಕ್ಟ್ರಾನುಗಳು ಎಂದಿಗೂ ನಿಶ್ಚಲವಾಗಿರುವುದಿಲ್ಲ. ಕ್ಷಣಕ್ಷಣಕ್ಕೂ ಅವುಗಳ ಹಂಚಿಕೆಯು ಒಂದು ಕಡೆಗೆ ವಾಲುತ್ತದೆ, ಆ ವಾಲುವಿಕೆಗೆ ಪಕ್ಕದ ಪರಮಾಣುವಿನ ಎಲೆಕ್ಟ್ರಾನುಗಳು ತಾಳಹಾಕಿದಂತೆ ವಾಲುತ್ತವೆ. ಇದರಿಂದ ಹುಟ್ಟುವ ಬಲವು ಸಣ್ಣದಾದರೂ ಸದಾ ಸೆಳೆತವೇ. ನಮ್ಮ ಮನೆಯ ಗೋಡೆಯ ಮೇಲಿನ ಹಲ್ಲಿಯು ಯಾವ ಅಂಟೂ ಇಲ್ಲದೆ ತಲೆಕೆಳಗಾಗಿ ಓಡುವುದು ಈ ಬಲದಿಂದಲೇ ಎಂದು 2002ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿದ್ದಾರೆ. ಅದರ ಪಾದಗಳ ಲಕ್ಷಾಂತರ ಸೂಕ್ಷ್ಮ ರೋಮಗಳು ಗೋಡೆಗೆ ಅಷ್ಟು ನಿಕಟವಾಗಿ ತಾಗುತ್ತವೆ. ಹಲ್ಲಿಯ ಶಕುನವನ್ನು ನೋಡುವವರು ಇನ್ನು ಮುಂದೆ ಅದರ ಪಾದಗಳನ್ನೂ ಸ್ವಲ್ಪ ನೋಡಬಹುದು.

ಇಷ್ಟಾದರೂ ಒಂದು ಕೊರತೆ ಉಳಿದಿದ್ದಿತು. ವಾಲ್ಸರು ಬರೆದ ಅಂಕೆಯು ಕೋಟ್ಯನುಕೋಟಿ ಅಣುಗಳ ಸರಾಸರಿ. ಎರಡೇ ಎರಡು ಅಣುಗಳನ್ನು ಎದುರುಬದುರು ನಿಲ್ಲಿಸಿ, ಇಷ್ಟು ದೂರದಲ್ಲಿ ಇಷ್ಟು ಸೆಳೆತ, ಈ ಮಗ್ಗುಲಿನಲ್ಲಿ ಹೆಚ್ಚು, ಆ ಮಗ್ಗುಲಿನಲ್ಲಿ ಕಡಮೆ ಎಂದು ಅಳೆಯುವುದು ಹೇಗೆ? ಆರ್ಗಾನ್ ಪರಮಾಣುವೊಂದು ಹೈಡ್ರೋಜನ್ ಕ್ಲೋರೈಡಿನ ಅಣುವಿಗೆ ಅಂಟಿಕೊಂಡರೆ ಆ ಅಂಟು, ಹೈಡ್ರೋಜನ್ ಕ್ಲೋರೀನುಗಳ ನಡುವಣ ರಾಸಾಯನಿಕ ಬಂಧದ ಇನ್ನೂರು ಮುನ್ನೂರರಲ್ಲಿ ಒಂದು ಪಾಲು ಮಾತ್ರ. ನಾವು ಉಸಿರಾಡುವ ಹವೆಯ ಉಷ್ಣದಲ್ಲಿ ಅಂಥ ಜೋಡಿಯು ನೆರೆಯ ಅಣುವಿನ ಒಂದು ಏಟಿಗೆ ಒಡೆದುಹೋಗುತ್ತದೆ. ಅದನ್ನು ಉಳಿಸಬೇಕಾದರೆ ಚಳಿ ಬೇಕು. ಆದರೆ ಚಳಿಯಲ್ಲಿ ಅನಿಲವೆಲ್ಲ ದ್ರವವಾಗಿಬಿಟ್ಟರೆ ಜೋಡಿಯೇ ಸಿಕ್ಕುವುದಿಲ್ಲ.

ಈ ಇಕ್ಕಟ್ಟಿನಿಂದ ಪಾರಾದ ಉಪಾಯವು ಚೆಲುವಾದುದು. ಅನಿಲವನ್ನು ಹೆಚ್ಚಿನ ಒತ್ತಡದಲ್ಲಿಟ್ಟು, ಕೂದಲಿನ ದಪ್ಪದಷ್ಟಿರುವ ರಂಧ್ರದ ಮೂಲಕ ನಿರ್ವಾತ ಪಾತ್ರೆಯೊಳಕ್ಕೆ ಚಿಮ್ಮಿಸುತ್ತಾರೆ. ಅತ್ತಿತ್ತ ಓಡುತ್ತಿದ್ದ ಅಣುಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ವೇಗದಿಂದ, ಶಬ್ದವೇಗವನ್ನು ಮೀರಿ ಧಾವಿಸುತ್ತವೆ. ಓಟವು ದೊಡ್ಡದು, ಆದರೆ ಒಂದಕ್ಕೊಂದರ ಸಂಬಂಧದಲ್ಲಿ ಅವು ನಿಂತಂತೆಯೇ. ಮೆರವಣಿಗೆಯಲ್ಲಿ ಸಾಲಾಗಿ ನಡೆಯುವವರು ಒಬ್ಬರನ್ನೊಬ್ಬರು ತಳ್ಳದಂತೆ. ಹೀಗೆ ಆ ಧಾರೆಯ ಒಳಗಿನ ಉಷ್ಣವು ನಿರಪೇಕ್ಷ ಸೊನ್ನೆಯಿಂದ ಕೆಲವೇ ಡಿಗ್ರಿಗಳಿಗೆ ಇಳಿಯುತ್ತದೆ. ದ್ರವವಾಗಿ ಗಟ್ಟಿಕಟ್ಟಲು ಕಾಲವಿಲ್ಲ. ಎರಡು ಮೂರು ಅಣುಗಳ ಸಣ್ಣ ಸಣ್ಣ ಗುಚ್ಛಗಳು ಮಾತ್ರ ಹುಟ್ಟಿ, ಒಡೆಯುವವರಿಲ್ಲದೆ ಉಳಿಯುತ್ತವೆ. 1973ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದ ಕ್ಲೆಂಪರರ್ ಮತ್ತು ಸಂಗಡಿಗರು ಆರ್ಗಾನ್ ಮತ್ತು ಹೈಡ್ರೋಜನ್ ಕ್ಲೋರೈಡುಗಳ ಜೋಡಿಯನ್ನು ಇಂಥ ಧಾರೆಯಲ್ಲಿ ರೇಡಿಯೋ ತರಂಗಗಳಿಂದ ಪರೀಕ್ಷಿಸಿ, ಆರ್ಗಾನ್ ಪರಮಾಣುವು ಹೈಡ್ರೋಜನ್ನಿನ ಕಡೆಗೇ ಬಂದು ನಿಲ್ಲುವುದೆಂದು ಕಂಡರು. 1976ರಲ್ಲಿ ಷಿಕಾಗೋವಿನಲ್ಲಿ ಸ್ಮಾಲಿ, ವಾರ್ಟನ್, ಲೆವಿ ಎಂಬ ಮೂವರು ಲೇಸರ್ ಕಿರಣವನ್ನು ತಂದರು.

ಲೇಸರ್ ಎಂಬುದು ಒಂದೇ ಶ್ರುತಿಯ ಬೆಳಕು. ವೀಣೆಯ ತಂತಿಯ ಶ್ರುತಿಯನ್ನು ಕೇಳಿ ಅದರ ಬಿಗಿತವನ್ನು ಹೇಳುವಂತೆ, ಅಣುವು ಯಾವ ಯಾವ ಶ್ರುತಿಯ ಬೆಳಕನ್ನು ಹೀರುವುದೆಂದು ನೋಡಿ ಅದರೊಳಗಿನ ಬಂಧಗಳ ಬಿಗಿತವನ್ನು ಹೇಳಬಹುದು. ಅಯೊಡಿನ್ ಅಣುವು ಹೀರುವ ಬೆಳಕು ಯಾವುದೆಂಬುದು ಮೊದಲೇ ತಿಳಿದಿದ್ದಿತು. ಷಿಕಾಗೋವಿನವರ ಧಾರೆಯಲ್ಲಿ ಆ ಗೆರೆಯ ಪಕ್ಕದಲ್ಲಿ ಇನ್ನೊಂದು ಕ್ಷೀಣವಾದ ಗೆರೆಯು ತೋರಿತು. ಅದು ಹೀಲಿಯಂ ಪರಮಾಣುವೊಂದನ್ನು ಬೆನ್ನಿಗಂಟಿಸಿಕೊಂಡ ಅಯೊಡಿನ್ನಿನದು. ಯಾವುದರೊಡನೆಯೂ ಸೇರದೆಂದು ಹೆಸರಾದ ಹೀಲಿಯಂ ಸಹ ವಾಲ್ಸರ ಸೆಳೆತಕ್ಕೆ ಸಿಕ್ಕಿಕೊಂಡಿದ್ದಿತು. ಬೆಳಕನ್ನು ಹೀರಿದ ಅಯೊಡಿನ್ ನಡುಗುತ್ತದೆ, ಆ ನಡುಕವು ಮೆಲ್ಲನೆ ಅಂಟಿಗೆ ಹರಿದು ಹೀಲಿಯಮನ್ನು ಕಳಚಿಹಾಕುತ್ತದೆ. ಮೆಲ್ಲನೆ ಎಂದರೆ ಒಂದು ಸೆಕೆಂಡಿನ ಸಾವಿರ ಕೋಟಿಯಲ್ಲಿ ಒಂದೆರಡು ಪಾಲು. ಇವರಲ್ಲಿ ಸ್ಮಾಲಿಯವರು ಇದೇ ಧಾರೆಯ ಉಪಾಯದಿಂದ ಇಂಗಾಲದ ಅರುವತ್ತು ಪರಮಾಣುಗಳ ಚೆಂಡನ್ನು 1985ರಲ್ಲಿ ಕಂಡು, ಸಹೋದ್ಯೋಗಿಗಳೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ತರುವಾಯ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಸೇಕಲಿಯವರ ತಂಡವು ಅತಿ ಮಂದ್ರಶ್ರುತಿಯ ಲೇಸರುಗಳಿಂದ, ಅಣುವಿನ ಒಳಗಿನ ನಡುಕವನ್ನಲ್ಲದೆ ಎರಡು ಅಣುಗಳ ನಡುವಣ ಅಂಟಿನ ನಡುಕವನ್ನೇ ನೇರವಾಗಿ ಅಳೆಯಿತು. ಆರ್ಗಾನ್ ಒಂದರ ಬದಲು ಎರಡು ಸೇರಿದಾಗ ಸೆಳೆತವು ಬರಿಯ ಎರಡರಷ್ಟಾಗ ಬೇಕಾಗಿದ್ದಿತು. ಹಾಗಾಗುವುದಿಲ್ಲ, ಮೂರನೆಯವನ ಸಾನ್ನಿಧ್ಯದಿಂದ ಇಬ್ಬರ ಸಂಬಂಧವು ಸ್ವಲ್ಪ ಬದಲಾಗುತ್ತದೆ ಎಂಬುದೂ ಅಳತೆಗೆ ಸಿಕ್ಕಿತು. ನೀರಿನ ಎರಡು, ಮೂರು, ಆರು ಅಣುಗಳ ಗುಚ್ಛಗಳನ್ನೂ ಅವರು ಇದೇ ರೀತಿಯಾಗಿ ಪರಿಶೀಲಿಸಿದರು. ವಾಲ್ಸರು ಒಂದೇ ಅಂಕೆಯಲ್ಲಿ ಅಡಗಿಸಿದುದನ್ನು ಬಿಡಿಸಿ ಬರೆಯಲು ಇಂದು ದೊಡ್ಡ ಕೋಷ್ಟಕಗಳೇ ಬೇಕಾಗಿವೆ.

ಇದಾವುದನ್ನೂ ನೋಡುವುದಕ್ಕೆ ಅವರು ಇರಲಿಲ್ಲ. ಕವಯಿತ್ರಿಯಾದ ಮಗಳು 1922ರ ಏಪ್ರಿಲಿನಲ್ಲಿ ತಂದೆಗಿಂತ ಮೊದಲೇ ತೀರಿಕೊಂಡಳು. ವರ್ಷ ಕಳೆಯುವುದರೊಳಗಾಗಿ, 1923ನೆಯ ಇಸವಿ ಮಾರ್ಚಿ 8ರಂದು, ಆಮ್‌ಸ್ಟರ್‌ಡಾಮಿನಲ್ಲಿ ಎಂಬತ್ತೈದು ವರ್ಷ ವಯಸ್ಸಿನ ವಾಲ್ಸರೂ ಕಾಲವಾದರು. ಅವರ ಹೆಸರಿನ ಬಲವು ಹಿಡಿದಿಡಬಲ್ಲ ಜೋಡಿಗಳಲ್ಲಿ ಅತ್ಯಂತ ದುರ್ಬಲವಾದುದು ಎರಡು ಹೀಲಿಯಂ ಪರಮಾಣುಗಳದು. ಅಂಥ ಜೋಡಿಯು ಇದೆಯೋ ಇಲ್ಲವೋ ಎಂದು ಬಹುಕಾಲ ಚರ್ಚೆಯಾಗಿ, 1994ರಲ್ಲಿ ಜರ್ಮನಿಯ ಗೊಟಿಂಗೆನ್ನಿನಲ್ಲಿ ಅತಿಸೂಕ್ಷ್ಮವಾದ ಜಾಲರಿಯ ಮೂಲಕ ಹೀಲಿಯಂ ಧಾರೆಯನ್ನು ಹಾಯಿಸಿ ಅದನ್ನು ಬೇರೆಮಾಡಿ ನೋಡಿದರು. ಜೋಡಿಯ ಎರಡು ಪರಮಾಣುಗಳು ಸರಾಸರಿಯಲ್ಲಿ ಸುಮಾರು ಐವತ್ತು ಆಂಗ್‌ಸ್ಟ್ರಾಮ್ ದೂರದಲ್ಲಿ, ಅಂದರೆ ತಮ್ಮ ಸ್ವಂತ ಗಾತ್ರದ ಸುಮಾರು ಇಪ್ಪತ್ತರಷ್ಟು ಅಂತರದಲ್ಲಿ, ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದು ಡಿಗ್ರಿಯ ಸಾವಿರದಲ್ಲಿ ಒಂದೆರಡು ಪಾಲಿನ ಉಷ್ಣವು ತಗಲಿದರೆ ಅಗಲುತ್ತವೆ.